ಈಟಿಂಗ್ ಡಿಸಾರ್ಡರ್‌ನಿಂದ ಚೇತರಿಸ್ಕೊಳ್ತಾ ಹೊರದೇಶಕ್ಕೆ ಹೊರಟಿದೀರಾ? ಅಲ್ಲಿ ಸರಳವಾದ ಊಟ ಹುಡುಕ್ಕೊಳ್ಳೋದು ಹೀಗೆ

ಹೊರದೇಶಕ್ಕೆ ಹೋಗ್ತಿದೀನಿ ಅಂದ ತಕ್ಷಣ ಜನ ಮೊದಲು ಮಾತಾಡೋದೇ ಊಟದ ಬಗ್ಗೆ, ಅಲ್ಲಿ ಇದನ್ನ ತಿನ್ನು, ಅದನ್ನ ಮಾತ್ರ ಬಿಡ್ಬೇಡ ಅಂತ. ಅನೊರೆಕ್ಸಿಯಾ (ತೂಕದ ಭಯಕ್ಕೆ ತೀರಾ ಕಮ್ಮಿ ತಿನ್ನೋದು), ಬುಲಿಮಿಯಾ (ಒಮ್ಮೆಲೇ ತುಂಬಾ ತಿಂದು ವಾಂತಿ, ಭೇದಿ ಮಾತ್ರೆ ತರದ್ದರಿಂದ ಹೊರಹಾಕೋದು), ಬಿಂಜ್ ಈಟಿಂಗ್ (ಹಿಡಿತ ತಪ್ಪಿ ಒಮ್ಮೆಲೇ ತುಂಬಾ ತಿನ್ನೋದು), ಆರ್‌ಫಿಡ್ (ತೂಕದ ಭಯ ಇಲ್ದೇ ಇದ್ರೂ ಕೆಲವೇ ಪದಾರ್ಥ ಬಿಟ್ಟು ಬೇರೆ ತಿನ್ನೋಕಾಗದಿರೋದು), ಈ ಈಟಿಂಗ್ ಡಿಸಾರ್ಡರ್‌ಗಳಲ್ಲಿ ಯಾವ್ದ್ರಿಂದಾದ್ರೂ ಚೇತರಿಸ್ಕೊಳ್ತಿರೋರಿಗೆ ಆ ಮಾತು ಕೇಳ್ತಿದ್ದಂಗೇ ಎದೆ ಡವಡವ ಅನ್ನೋಕೆ ಶುರುವಾಗುತ್ತೆ. ಅಲ್ಲಿ ಏನು ಸಿಗುತ್ತೋ, ಅದರಲ್ಲಿ ಏನು ಹಾಕಿರ್ತಾರೋ, ಎಷ್ಟೊತ್ತಿಗೆ ಸಿಗುತ್ತೋ, ಎಲ್ಲರ ಮುಂದೆ ಹೇಗೆ ತಿನ್ನೋದೋ, ಈ ಪ್ರಶ್ನೆಗಳೆಲ್ಲ ಒಟ್ಟಿಗೇ ಬಂದು ಕೂತ್ಕೊಳ್ಳುತ್ತೆ. ನಾನೂ ಈ ದಾರೀಲೇ ನಡ್ಕೊಂಡು ಬಂದವಳು, ಹಾಗಾಗಿ ಒಂದು ವಿಷ್ಯ ಮೊದ್ಲೇ ಹೇಳಿಬಿಡ್ತೀನಿ. ಈ ಪ್ರಯಾಣದಲ್ಲಿ ನಿಮ್ಮ ಗುರಿ ಹೊಸ ರುಚಿ ನೋಡೋದಲ್ಲ, ಆರೋಗ್ಯಕರ ಊಟ ಹುಡುಕೋದೂ ಅಲ್ಲ, ಹೊತ್ತು ತಪ್ಪಿಸದೆ ಸಾಕಾಗುವಷ್ಟು ತಿನ್ನೋದು. ಅಷ್ಟೇ. ಸರಿಯಾದ್ದು ಸಿಗಲಿ ಅಂತ ಕಾಯ್ತಾ ಕೂತ್ರೆ ಊಟ ತಪ್ಪುತ್ತೆ, ಒಂದು ಊಟ ತಪ್ಪಿದ್ರೆ ಇನ್ನೊಂದು ತಪ್ಪಿಸೋದು ಸಲೀಸಾಗುತ್ತೆ, ಕಾಯಿಲೆಗೆ ಬೇಕಾಗಿರೋದೂ ಅದೇನೇ. ಕೆಳಗಿರೋ ಎಲ್ಲಾ ಹೆಜ್ಜೆಗಳೂ ಇದೊಂದನ್ನ ತಡೆಯೋಕೆ.

ಮೊದಲು ಡಾಕ್ಟರ್ ಹತ್ರ ಹೋಗಿ, ಟಿಕೆಟ್ ಆಮೇಲೆ

ಇದನ್ನ ಸುಮ್ನೆ ಶಾಸ್ತ್ರಕ್ಕೆ ಹೇಳ್ತಿಲ್ಲ. ತುಂಬಾ ದಿನ ಕಮ್ಮಿ ತಿಂದಿರೋ ದೇಹದಲ್ಲಿ ಹೃದಯದ ಬಡಿತ ನಿಧಾನವಾಗಿರಬಹುದು, ನಿಂತಾಗ ಬಿಪಿ ಇಳೀಬಹುದು, ವಾಂತಿ ಮಾಡೋ ಅಥವಾ ಭೇದಿ ಮಾತ್ರೆ ತಗೊಳ್ಳೋ ಅಭ್ಯಾಸ ಇದ್ದೋರಿಗೆ ರಕ್ತದಲ್ಲಿ ಪೊಟ್ಯಾಷಿಯಂ ಕಮ್ಮಿ ಆಗಿರಬಹುದು, ಇದ್ಯಾವುದೂ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ತೂಕ ಸರಿಯಾಗಿದೆ ಅಂತ ಅನ್ನಿಸಿದ್ರೂ ಒಳಗೆ ಸರಿ ಇಲ್ದೇ ಇರಬಹುದು. ಒಂದು ರಕ್ತ ಪರೀಕ್ಷೆ, ಒಂದು ಇಸಿಜಿ ಮಾಡಿಸ್ಕೊಂಡು, ಹೋಗಬಹುದಾ ಅಂತ ನೇರವಾಗಿ ಕೇಳಿ. ಸದ್ಯಕ್ಕೆ ಬೇಡ ಅಂದ್ರೆ ದಯವಿಟ್ಟು ಮುಂದಕ್ಕೆ ಹಾಕಿ, ಬೇಜಾರಾಗುತ್ತೆ ಗೊತ್ತು, ಆದ್ರೂ ಹಾಕಿ.

ಇನ್ನೊಂದು ಮುಖ್ಯವಾದ್ದು, ರಿಫೀಡಿಂಗ್ ಸಿಂಡ್ರೋಮ್. ಬಹಳ ಕಾಲ ತುಂಬಾ ಕಮ್ಮಿ ತಿಂದು ಒಮ್ಮೆಲೇ ಜಾಸ್ತಿ ತಿನ್ನೋಕೆ ಶುರು ಮಾಡಿದಾಗ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ರಕ್ತದಲ್ಲಿ ದಿಢೀರ್ ಅಂತ ಇಳಿದುಬಿಡುತ್ತೆ, ಜೀವಕ್ಕೇ ಅಪಾಯ ಆಗಬಹುದು. ಅಲ್ಲಿಗೆ ಹೋಗಿ ತಿನ್ನೋಣ ಬಿಡು ಅಂತ ಇಲ್ಲಿ ಹಸ್ಕೊಂಡಿರೋ ಪ್ಲಾನ್ ಯಾವತ್ತೂ ಮಾಡಬೇಡಿ, ಊಟ ಹೆಚ್ಚಿಸ್ಕೊಳ್ಳೋ ಹಂತದಲ್ಲಿ ಇದ್ರೆ ಅದು ಡಾಕ್ಟರ್ ಕಣ್ಣ ಮುಂದೇನೇ ಆಗಬೇಕು.

ಡಯಟೀಷಿಯನ್ ಹತ್ರ ಹೋದಾಗ ನಿಮ್ಮ ಮೀಲ್ ಪ್ಲಾನ್‌ಗೆ (ಯಾವ ಹೊತ್ತಿಗೆ ಏನು, ಎಷ್ಟು ತಿನ್ನಬೇಕು ಅಂತ ಬರೆದ ಪಟ್ಟಿ) ಒಂದು ಪ್ರಯಾಣದ ಆವೃತ್ತಿ ಬರೆಸ್ಕೊಳ್ಳಿ. ಮನೇಲಿ ತಿನ್ನೋದು ಅಲ್ಲಿ ಸಿಗಲ್ಲ, ಆಗ ಅದರ ಬದ್ಲು ಏನು ಅಂತ. ಪ್ರತಿಯೊಂದಕ್ಕೂ ಎರಡು ಮೂರು ಬದಲಿ ಇರಲಿ. ಇದನ್ನ ಫೋನಲ್ಲೂ ಇಟ್ಕೊಳ್ಳಿ, ಒಂದು ಕಾಗದದ ಮೇಲೂ ಇರಲಿ, ಯಾಕಂದ್ರೆ ಹಸಿವಿಂದ ತಲೆ ಮಂಕಾದಾಗ ಫೋನ್ ತೆಗೆದು ಹುಡುಕೋದೂ ದೊಡ್ಡ ಕೆಲಸ ಅನ್ನಿಸುತ್ತೆ. ಔಷಧಿ ಅಥವಾ ಕುಡಿಯೋ ನ್ಯೂಟ್ರಿಷನ್ ಡ್ರಿಂಕ್ ತಗೊಂಡು ಹೋಗ್ತಿದ್ರೆ ಡಾಕ್ಟರ್ ಲೆಟರ್ ಬೇಕು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಕಾಯಿಲೆ ವಿಷ್ಯ ಮುಚ್ಚಿಡಬೇಡಿ, ಮುಂಚಿನಿಂದ ಇದ್ದ ಕಾಯಿಲೆ ಹೇಳಿಲ್ಲ ಅಂತ ಆಮೇಲೆ ಆಸ್ಪತ್ರೆ ಖರ್ಚು ಕೊಡದೇ ಇರಬಹುದು.

ನಿಮ್ಮ ಪಟ್ಟಿ ಬರ್ಕೊಳ್ಳಿ

ಸೇಫ್ ಫುಡ್ ಅಂದ್ರೆ ಹೆಚ್ಚು ಭಯ ಇಲ್ಲದೆ, ಹೆಚ್ಚು ಯೋಚನೆ ಮಾಡದೆ ತಿನ್ನೋಕೆ ಆಗೋ ಊಟ. ಎಲ್ಲಾ ದೇಶದಲ್ಲೂ ಸಾಮಾನ್ಯವಾಗಿ ಸಿಗೋ ಸರಳ ಪದಾರ್ಥಗಳ ಪಟ್ಟಿ ದೊಡ್ಡದೇ ಇದೆ: ಬ್ರೆಡ್, ಅನ್ನ, ಪಾಸ್ತಾ, ಆಲೂಗಡ್ಡೆ, ಓಟ್ಸ್, ಮೊಟ್ಟೆ, ಹಾಲು, ಮೊಸರು, ಚೀಸ್, ಬೆಣ್ಣೆ, ಡಬ್ಬಿಯಲ್ಲಿರೋ ಬೇಯಿಸಿದ ಕಾಳು, ಕಡಲೆಕಾಯಿ ಬೆಣ್ಣೆ, ಬಾದಾಮಿ ಗೋಡಂಬಿ ತರದ್ದು, ಬಾಳೆಹಣ್ಣು, ಸೇಬು. ಇದರಲ್ಲಿ ನಿಮಗೆ ಆಗೋದನ್ನ ಮೂರು ಗುಂಪು ಮಾಡಿ. ಯಾವಾಗ ಬೇಕಾದ್ರೂ ತಿನ್ನಬಲ್ಲೆ ಅನ್ನೋದು ಒಂದು, ಸ್ವಲ್ಪ ಕಷ್ಟ ಆದ್ರೂ ಯಾರಾದ್ರೂ ಜೊತೇಲಿದ್ರೆ ತಿಂತೀನಿ ಅನ್ನೋದು ಇನ್ನೊಂದು, ಈಗ ಆಗಲ್ಲ ಅನ್ನೋದು ಮೂರನೇದು. ಮೊದಲ ವಾರ ಮೊದಲ ಗುಂಪಲ್ಲೇ ಇದ್ರೂ ತಪ್ಪೇನಿಲ್ಲ.

ಆದ್ರೆ ಒಂದು ಕಡೆ ಹುಷಾರಾಗಿರಬೇಕು. ಆ ಮೊದಲ ಗುಂಪಲ್ಲಿ ಬರೀ ಹಣ್ಣು, ಸಲಾಡ್, ತಿಳಿ ಸೂಪ್, ಕಾಫಿ ಇಷ್ಟೇ ಇದ್ರೆ ಅದು ಊಟದ ಪಟ್ಟಿ ಅಲ್ಲ, ಕಾಯಿಲೆ ಬರೆಸಿರೋ ಪಟ್ಟಿ. ಒಂದು ಊಟ ಅಂದ್ರೆ ಅದರಲ್ಲಿ ಒಂದು ಪಿಷ್ಟ, ಒಂದು ಪ್ರೋಟೀನ್, ಒಂಚೂರು ಕೊಬ್ಬು ಇರಲೇಬೇಕು, ಹಣ್ಣು ತರಕಾರಿ ಅದರ ಜೊತೆಗೆ. ಬ್ರೆಡ್ ಚೀಸ್ ಬಾಳೆಹಣ್ಣು ಒಂದು ಲೋಟ ಹಾಲು, ಇದು ಊಟ. ಅನ್ನ, ಎರಡು ಮೊಟ್ಟೆ, ಬೆಣ್ಣೆ ಹಾಕಿ ಬೇಯಿಸಿದ ತರಕಾರಿ, ಇದೂ ಊಟ. ಹಾಲಲ್ಲಿ ಬೇಯಿಸಿದ ಓಟ್ಸ್‌ಗೆ ಒಂದು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆ, ಬೇಯಿಸಿದ ಆಲೂಗಡ್ಡೆ ಮೇಲೆ ಬೆಣ್ಣೆ ಮತ್ತು ಕಾಳು, ಪಾಸ್ತಾಗೆ ಟೊಮೆಟೊ ಸಾಸ್ ಮತ್ತು ತುರಿದ ಚೀಸ್, ಇವೆಲ್ಲ ಪೂರ್ತಿ ಊಟಗಳೇ. ದಿನಾ ಅದೇ ತಿಂದ್ರೆ ಬೋರ್ ಅನ್ನಿಸಬಹುದು, ಪರವಾಗಿಲ್ಲ.

ಮಾಂಸ ಬೇಡ, ಹಾಲು ಬೇಡ, ಗೋಧಿ ಬೇಡ ಅನ್ನೋ ನಿಯಮ ಇದ್ರೆ ಒಂದು ಸಲ ಪ್ರಾಮಾಣಿಕವಾಗಿ ನೋಡ್ಕೊಳ್ಳಿ, ಈ ನಿಯಮ ಕಾಯಿಲೆಗಿಂತ ಮುಂಚೆನೇ ಇತ್ತಾ ಇಲ್ಲಾ ಕಾಯಿಲೆ ಜೊತೆಗೇ ಬಂತಾ ಅಂತ. ಮುಂಚಿನದ್ದಾದ್ರೆ ಅದನ್ನ ಇಟ್ಕೊಂಡೇ ಪ್ಲಾನ್ ಮಾಡಿ. ಜೊತೆಗೆ ಬಂದಿದ್ದಾದ್ರೆ ಥೆರಪಿಸ್ಟ್ ಹತ್ರ ಮಾತಾಡಿ, ಯಾಕಂದ್ರೆ ಹೊರದೇಶದಲ್ಲಿ ಮೊದಲೇ ಆಯ್ಕೆ ಕಮ್ಮಿ ಇರುತ್ತೆ.

ಆರ್‌ಫಿಡ್ ಇರೋರಿಗೆ ವಿಷ್ಯ ಬೇರೇನೇ. 2013ರಲ್ಲಿ ಡಿಎಸ್ಎಂ-5 (ಮಾನಸಿಕ ಕಾಯಿಲೆಗಳನ್ನ ಗುರುತಿಸೋಕೆ ಡಾಕ್ಟರ್‌ಗಳು ಬಳಸೋ ಕೈಪಿಡಿ) ಬಂದಾಗ ಇದನ್ನ ಪ್ರತ್ಯೇಕ ಕಾಯಿಲೆ ಅಂತ ಸೇರಿಸಿದ್ರು, ಇದರಲ್ಲಿ ತೂಕದ ಭಯ ಇರಲ್ಲ, ವಾಸನೆ, ಬಣ್ಣ, ಬಾಯಲ್ಲಿ ಹೇಗಿರುತ್ತೆ ಅನ್ನೋದು ತಡೆಯುತ್ತೆ, ಅಥವಾ ಗಂಟಲಲ್ಲಿ ಸಿಕ್ಕೊಳ್ಳುತ್ತೆ ಅನ್ನೋ ಭಯ ಇರುತ್ತೆ. ಅದೇ ಬಿಸ್ಕತ್ತು ಬೇರೆ ಬ್ರಾಂಡ್ ಆದ್ರೆ ತಿನ್ನೋಕಾಗಲ್ಲ, ಇದು ಹಠ ಅಲ್ಲ. ನಿಮ್ಮದು ಇದಾದ್ರೆ ನಿಮಗೆ ಒಗ್ಗೋ ಪ್ಯಾಕೆಟ್ ಆಹಾರವನ್ನ ಸೂಟ್‌ಕೇಸಲ್ಲಿ ಧಾರಾಳವಾಗಿ ತುಂಬ್ಕೊಳ್ಳಿ, ಎಷ್ಟು ದಿನಕ್ಕೆ ಬೇಕೋ ಅದಕ್ಕಿಂತ ಸ್ವಲ್ಪ ಜಾಸ್ತೀನೇ. ಎಲ್ಲಾ ಕಡೆ ಒಂದೇ ತರ ಇರೋ ದೊಡ್ಡ ಚೈನ್ ಹೋಟೆಲ್‌ಗಳನ್ನ ಬೇರೆಯವರು ಬೈತಾರೆ, ನಿಮಗೆ ಅದೇ ಆಸರೆ ಆದ್ರೆ ನಿಶ್ಚಿಂತೆಯಿಂದ ಹೋಗಿ.

ಉಳ್ಕೊಳ್ಳೋ ಜಾಗ

ರೂಮ್ ಬುಕ್ ಮಾಡುವಾಗ ನೋಟ ಚೆನ್ನಾಗಿದೆಯಾ ಅನ್ನೋದಕ್ಕಿಂತ ಮೊದಲು ಫ್ರಿಡ್ಜ್ ಇದೆಯಾ, ಕೆಟಲ್ ಇದೆಯಾ, ಮೈಕ್ರೋವೇವ್ ಅಥವಾ ಒಂದು ಸಣ್ಣ ಅಡುಗೆಮನೆ ಇದೆಯಾ ನೋಡಿ. ಬರೀ ಕೆಟಲ್ ಇದ್ರೂ ಇನ್‌ಸ್ಟಂಟ್ ಓಟ್ಸ್, ಕಪ್ ನೂಡಲ್ಸ್, ಬಿಸಿನೀರು ಹಾಕಿ ಕಲಸೋ ಆಲೂಗಡ್ಡೆ ಪುಡಿ ಇಷ್ಟು ಮಾಡ್ಕೋಬಹುದು. ನಡೆಯೋ ದೂರದಲ್ಲಿ ಒಂದು ಸೂಪರ್‌ಮಾರ್ಕೆಟ್ ಇದೆಯಾ ಅಂತ ಮ್ಯಾಪಲ್ಲಿ ನೋಡ್ಕೊಂಡು, ಅದು ಯಾವ ದಿನ ಎಷ್ಟೊತ್ತಿಗೆ ತೆರೆದಿರುತ್ತೆ ಅಂತಾನೂ ನೋಡಿ. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತೆ, ಶನಿವಾರ ರಾತ್ರಿ ಇಳಿದ್ರೆ ಮಾರನೇ ದಿನ ಪೂರ್ತಿ ಪರದಾಟ. ಸ್ಪೇನಲ್ಲಿ ರಾತ್ರಿ ಊಟ ಅಂದ್ರೆ 9 ಗಂಟೆ ಮೇಲೇನೇ, ಅಷ್ಟೊತ್ತಿಗೆ ನಿಮ್ಮ ಊಟದ ಸಮಯ ದಾಟಿಹೋಗಿರುತ್ತೆ, ಸಂಜೆಗೆ ಒಂದು ಗಟ್ಟಿ ತಿಂಡಿ ರೂಮಲ್ಲಿ ಇರಲೇಬೇಕು.

ರೂಮಲ್ಲಿ ತೂಕದ ಮೆಷಿನ್ ಇದ್ರೆ ರಿಸೆಪ್ಷನ್‌ಗೆ ಫೋನ್ ಮಾಡಿ ತೆಗೆಸಿಬಿಡಿ. ಕಾರಣ ಹೇಳಬೇಕಾಗಿಲ್ಲ.

ಬ್ಯಾಗು, ವಿಮಾನ, ಕಸ್ಟಮ್ಸ್

ಕೈಯಲ್ಲಿರೋ ಬ್ಯಾಗಲ್ಲಿ ಒಂದು ದಿನಕ್ಕಾಗುವಷ್ಟು ತಿನ್ನೋದು ಇರಬೇಕು, ವಿಮಾನ ಲೇಟ್ ಆಗುತ್ತೆ, ಸೂಟ್‌ಕೇಸ್ ಬರಲ್ಲ, ಇವೆಲ್ಲ ನಡೆಯೋದೇ. ಡ್ರೈ ಫ್ರೂಟ್ಸ್, ಕ್ರ್ಯಾಕರ್ಸ್, ಗ್ರನೋಲಾ ಬಾರ್, ಸ್ಯಾಂಡ್‌ವಿಚ್ ತರದ ಒಣ ಪದಾರ್ಥಕ್ಕೆ ಸೆಕ್ಯೂರಿಟಿಯಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ಕಡಲೆಕಾಯಿ ಬೆಣ್ಣೆ, ಮೊಸರು, ಜಾಮ್, ಮೆತ್ತನೆ ಚೀಸ್ ಇವೆಲ್ಲ ಅವರ ಲೆಕ್ಕದಲ್ಲಿ ದ್ರವ, ಬಹುತೇಕ ಏರ್‌ಪೋರ್ಟ್‌ಗಳಲ್ಲಿ 100 ಮಿಲಿಲೀಟರ್ ದಾಟಿದ ಡಬ್ಬಿ ಒಳಗೆ ಬಿಡಲ್ಲ. ಡಾಕ್ಟರ್ ಬರೆದ ನ್ಯೂಟ್ರಿಷನ್ ಡ್ರಿಂಕ್‌ಗೆ ಸಾಮಾನ್ಯವಾಗಿ ವಿನಾಯಿತಿ ಸಿಗುತ್ತೆ, ಆ ಲೆಟರ್ ಮೇಲೇ ಇಟ್ಕೊಂಡಿರಿ.

ಇಳಿದ ಮೇಲೆ ಕಸ್ಟಮ್ಸ್. ಯುರೋಪಿಯನ್ ಯೂನಿಯನ್‌ಗೆ ಹೊರಗಿನ ದೇಶದಿಂದ ಹೋಗುವಾಗ ಮಾಂಸ, ಹಾಲಿನ ಪದಾರ್ಥ ತಗೊಂಡು ಹೋಗೋ ಹಾಗಿಲ್ಲ, ವೈದ್ಯಕೀಯ ಕಾರಣದ ವಿಶೇಷ ಆಹಾರಕ್ಕೆ ಮಾತ್ರ ಒಂದು ಮಿತಿಯೊಳಗೆ ಬಿಡ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇನ್ನೂ ಕಟ್ಟುನಿಟ್ಟು, ವಿಮಾನದಲ್ಲಿ ಕೊಟ್ಟ ಸೇಬು ಬ್ಯಾಗಲ್ಲಿ ಉಳ್ಕೊಂಡಿದ್ರೂ ಫಾರ್ಮಲ್ಲಿ ಬರೀಬೇಕು, ಇಲ್ಲಾಂದ್ರೆ ದಂಡ. ತಂದಿರೋ ತಿಂಡಿ ಎಲ್ಲಾ ಡಿಕ್ಲೇರ್ ಮಾಡಿಬಿಡಿ, ಕಸಿದುಕೊಂಡ್ರೂ ಗಾಬರಿ ಆಗಬೇಡಿ, ಅದಕ್ಕೇ ಬದಲಿ ಪಟ್ಟಿ ಮಾಡಿರೋದು.

ವಿಮಾನದಲ್ಲಿ ಬೇರೆ ತರದ ಊಟ ಬೇಕಂದ್ರೆ ಒಂದೆರಡು ದಿನ ಮುಂಚೆನೇ ಏರ್‌ಲೈನ್‌ಗೆ ಹೇಳಬೇಕು. ಬಂದ ಟ್ರೇ ನೋಡಿ ಆಗಲ್ಲ ಅನ್ನಿಸಿದ್ರೆ ಅದರಲ್ಲಿರೋ ಬ್ರೆಡ್ಡು ಬೆಣ್ಣೆ ಇಟ್ಕೊಂಡು, ನಿಮ್ಮ ಬ್ಯಾಗಲ್ಲಿರೋದನ್ನ ಸೇರಿಸಿ ಊಟ ಮುಗಿಸಿ.

ಗಡಿಯಾರ ಬದಲಾದಾಗ

ಚೇತರಿಕೆಯ ಶುರುವಲ್ಲಿ ಹಸಿವು ಸರಿಯಾಗಿ ಗೊತ್ತಾಗಲ್ಲ. ಕಮ್ಮಿ ತಿಂದು ತಿಂದು ಹೊಟ್ಟೆ ಖಾಲಿಯಾಗೋದೂ ನಿಧಾನ ಆಗಿರುತ್ತೆ, ನಾಲ್ಕು ತುತ್ತಿಗೇ ತುಂಬಿದ ಹಾಗೆ ಅನ್ನಿಸುತ್ತೆ. ಇದರ ಮೇಲೆ ಜೆಟ್‌ಲ್ಯಾಗ್ ಬಂದ್ರೆ ಯಾವಾಗ ಹಸೀತಿದೆ ಯಾವಾಗ ನಿದ್ದೆ ಬರ್ತಿದೆ ಒಂದೂ ತಿಳಿಯಲ್ಲ. ಹಾಗಾಗಿ ಹಸಿವನ್ನ ಕೇಳಬೇಡಿ, ಗಡಿಯಾರ ನೋಡಿ. ಎಚ್ಚರ ಇರೋ ಹೊತ್ತಲ್ಲಿ ಮೂರು ಗಂಟೆಗೆ, ಬಹಳ ಅಂದ್ರೆ ನಾಲ್ಕು ಗಂಟೆಗೆ ಒಂದು ಸಲ ಏನಾದ್ರೂ ಹೊಟ್ಟೆಗೆ ಬೀಳಬೇಕು, ಫೋನಲ್ಲಿ ಅಲಾರಂ ಇಡಿ.

ಪಶ್ಚಿಮಕ್ಕೆ ಹಾರಿದ್ರೆ ಆ ದಿನ ಉದ್ದ ಆಗುತ್ತೆ, 24 ಗಂಟೆ ದಾಟಿ 30 ಗಂಟೆನೂ ಆಗಬಹುದು, ಆಗ ಮೂರು ಊಟ ಆಯ್ತಲ್ಲ ಅಂತ ನಿಲ್ಲಿಸೋ ಹಾಗಿಲ್ಲ, ಆ ಉದ್ದದ ದಿನಕ್ಕೆ ಇನ್ನೊಂದು ಊಟ ಇನ್ನೊಂದು ತಿಂಡಿ ಬೇಕೇ ಬೇಕು. ಇವತ್ತು ಜಾಸ್ತಿ ತಿಂದೆ ಅಂತ ತಲೆಯೊಳಗಿನ ದನಿ ಹೇಳುತ್ತೆ, ಅದು ಕ್ಯಾಲೆಂಡರ್ ನೋಡಿ ಲೆಕ್ಕ ಹಾಕ್ತಿರುತ್ತೆ, ದೇಹ ಎಚ್ಚರ ಇದ್ದ ಗಂಟೆಗಳನ್ನ ಲೆಕ್ಕ ಹಾಕ್ತಿರುತ್ತೆ. ಪೂರ್ವಕ್ಕೆ ಹೋದ್ರೆ ದಿನ ಚಿಕ್ಕದಾಗುತ್ತೆ, ಇಳಿದ ತಕ್ಷಣ ಅಲ್ಲಿನ ಸಮಯಕ್ಕೆ ಯಾವ ಊಟವೋ ಅದನ್ನ ಹಿಡ್ಕೊಂಡು ಮುಂದೆ ಹೋಗಿ.

ಇಳಿದ ದಿನವೇ ಅಂಗಡಿಗೆ

ಊರು ಸುತ್ತೋದು, ಫೋಟೋ ತೆಗೆಯೋದು ಎಲ್ಲಾ ಆಮೇಲೆ. ಬ್ಯಾಗ್ ಇಟ್ಟು ಏನಾದ್ರೂ ತಿಂದು ಸೀದಾ ಸೂಪರ್‌ಮಾರ್ಕೆಟ್‌ಗೆ ಹೋಗಿ. ತಿನ್ನದೆ ಹೋಗಬೇಡಿ, ಹಸ್ಕೊಂಡು ಹೋದ್ರೆ ಕೆಲವರಿಗೆ ಏನೂ ಆರಿಸೋಕಾಗಲ್ಲ, ಇನ್ನು ಕೆಲವರಿಗೆ ಕೈ ನಿಲ್ಲಲ್ಲ, ಎರಡೂ ಕಷ್ಟಾನೇ. ಮೊದಲೇ ಪಟ್ಟಿ ಬರ್ಕೊಂಡು ಹೋಗಿ: ಬ್ರೆಡ್, ಅದರ ಮೇಲೆ ಹಚ್ಚೋಕೆ ಏನಾದ್ರೂ, ಹಾಲು ಅಥವಾ ಮೊಸರು, ಮೊಟ್ಟೆ ಅಥವಾ ಚೀಸ್, ಬಾಳೆಹಣ್ಣು, ಒಂದು ಡಬ್ಬ ಓಟ್ಸ್, ಬ್ಯಾಗಲ್ಲಿ ಇಟ್ಕೊಳ್ಳೋಕೆ ಬಾರ್ ಅಥವಾ ಬಿಸ್ಕತ್ತು. ಎರಡು ದಿನಕ್ಕಾಗುವಷ್ಟು ತಗೊಂಡು ಹೊರಗೆ ಬನ್ನಿ. ಮೊದಲ ದಿನವೇ ಎಲ್ಲಾ ಸಾಲು ಸುತ್ತಿ ಒಂದೊಂದು ಪ್ಯಾಕೆಟ್ ತಿರುಗಿಸಿ ನೋಡ್ತಾ ಒಂದು ಗಂಟೆ ಕಳೆಯೋದು ಬೇಡ, ಹತ್ತು ಹದಿನೈದು ನಿಮಿಷ ಸಾಕು, ಬೇಕಾದ್ರೆ ಯಾರನ್ನಾದ್ರೂ ಫೋನಲ್ಲಿ ಇಟ್ಕೊಂಡೇ ಕೊಳ್ಳಿ.

ಭಾಷೆ ಬರದಿದ್ರೆ ಫೋನ್ ಕ್ಯಾಮೆರಾದಲ್ಲಿ ಅನುವಾದ ಮಾಡೋ ಆ್ಯಪ್ ಇದೆ, ಹೊರಡೋ ಮುಂಚೆನೇ ಆ ಭಾಷೆಯನ್ನ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ದಿದ್ರೂ ನಡೆಯುತ್ತೆ. ಆದ್ರೆ ಅದನ್ನ ಪ್ಯಾಕೆಟ್ ಮುಂದಿನ ಹೆಸರಿಗೆ, ಅಲರ್ಜಿ ಇದ್ರೆ ಅದಕ್ಕೆ ಮಾತ್ರ ಬಳಸಿ. ಹಿಂದಿರೋ ಅಂಕಿಗಳ ಟೇಬಲ್‌ಗೆ ಬೇಡ.

ಈ ಅಂಕಿಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿಲ್ದೆ ಹೋದ್ರೆ ಅಂಗಡಿ ಮಧ್ಯದಲ್ಲೇ ಕಾಲು ನಡುಗುತ್ತೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಲ್ಲಿ ಪ್ಯಾಕೆಟ್ ಮೇಲೆ ಶಕ್ತಿಯನ್ನ ಕಿಲೋಜೂಲಲ್ಲಿ ಬರೀತಾರೆ, ಯುರೋಪಲ್ಲಿ ಕಿಲೋಜೂಲೂ ಇರುತ್ತೆ ಕ್ಯಾಲೊರಿನೂ ಇರುತ್ತೆ. ಕಿಲೋಜೂಲ್ ಅಂಕಿ ಕ್ಯಾಲೊರಿಗಿಂತ ನಾಲ್ಕು ಪಟ್ಟಿಗೂ ಸ್ವಲ್ಪ ಜಾಸ್ತಿ ಕಾಣುತ್ತೆ, ಅಳತೆ ಬೇರೆ ಅಷ್ಟೇ, ಊಟ ಅದೇನೇ. ಕೂತು ಭಾಗಾಕಾರ ಮಾಡೋಕೆ ಹೋಗಬೇಡಿ. ಫ್ರಾನ್ಸಲ್ಲಿ 2017ರಿಂದ ನ್ಯೂಟ್ರಿ-ಸ್ಕೋರ್ ಅಂತ ಎ ಇಂದ ಇ ವರೆಗೆ ಹಸಿರಿಂದ ಕೆಂಪಿನ ತನಕ ಬಣ್ಣದ ಗುರುತು ಇದೆ, ಯುರೋಪಿನ ಬೇರೆ ಕೆಲವು ದೇಶಗಳಲ್ಲೂ ಬಂದಿದೆ. ಚಿಲಿಯಲ್ಲಿ 2016ರಿಂದ, ಮೆಕ್ಸಿಕೋದಲ್ಲಿ 2020ರಿಂದ ಸಕ್ಕರೆ, ಕೊಬ್ಬು, ಉಪ್ಪು, ಕ್ಯಾಲೊರಿ ಜಾಸ್ತಿ ಇದೆ ಅಂತ ಕಪ್ಪು ಬಣ್ಣದ ಎಂಟು ಮೂಲೆ ಗುರುತು ಹಾಕ್ತಾರೆ, ನೋಡೋಕೆ ರಸ್ತೆಯ ಸ್ಟಾಪ್ ಬೋರ್ಡ್ ಇದ್ದಂಗೇ ಇರುತ್ತೆ. ಬಿಸ್ಕತ್ತು, ಗ್ರನೋಲಾ ಬಾರ್ ಮೇಲೆಲ್ಲ ಅದು ಇರಬಹುದು, ಅಂದ್ರೆ ನಿಮ್ಮ ಡಯಟೀಷಿಯನ್ ತಿನ್ನಿ ಅಂದಿರೋ ವಸ್ತುವಿನ ಮೇಲೇನೇ. ಆ ಗುರುತುಗಳನ್ನ ಇಡೀ ದೇಶದ ಜನಸಂಖ್ಯೆ ನೋಡಿ ಮಾಡಿರೋದು, ಕಮ್ಮಿ ತಿಂದು ಸೊರಗಿ ಈಗ ತುಂಬ್ಕೊಳ್ತಿರೋ ದೇಹಕ್ಕೆ ಅಂತ ಮಾಡಿದ್ದಲ್ಲ. ನಿಮಗೆ ನಿಮ್ಮ ಪ್ಲಾನೇ ಕಾನೂನು. ರೂಮಿಗೆ ಬಂದ ಮೇಲೆ ಓಟ್ಸ್, ಬಿಸ್ಕತ್ತು ಬೇರೆ ಡಬ್ಬಿಗೆ ಹಾಕಿ ಪ್ಯಾಕೆಟ್ ಬಿಸಾಕಿ, ಇಲ್ಲಾ ಪ್ಯಾಕೆಟ್ ಮೇಲಿನ ಅಂಕಿಗಳ ಟೇಬಲ್ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ, ಜೊತೇಲಿರೋರು ಅಂಟಿಸಿಕೊಟ್ರೆ ಇನ್ನೂ ಒಳ್ಳೇದು. ಅಲರ್ಜಿ ಇರೋರು ಪದಾರ್ಥಗಳ ಪಟ್ಟಿ ಮಾತ್ರ ಕಾಣೋ ಹಾಗೆ ಬಿಡಿ.

ಹೋಟೆಲಲ್ಲಿ ಕೂತಾಗ

ಹೋಗೋ ಮುಂಚೆ ಮೆನು ಆನ್‌ಲೈನಲ್ಲಿ ಒಂದು ಸಲ ನೋಡಿ, ಏನು ತಗೊಳ್ತೀನಿ ಅಂತ ಆಗಲೇ ತೀರ್ಮಾನ ಮಾಡಿ, ಆಮೇಲೆ ಮುಚ್ಚಿಬಿಡಿ. ಒಂದು ಸಲ ಅಂದ್ರೆ ಒಂದೇ ಸಲ, ಪದೇ ಪದೇ ನೋಡೋದು ಪ್ಲಾನಿಂಗ್ ಅಲ್ಲ, ಅದು ಕಾಯಿಲೆಯ ಕೆಲಸ. ಹೋಟೆಲಲ್ಲಿ ಕೂತಮೇಲೆ ನೀವೇ ಮೊದಲು ಆರ್ಡರ್ ಹೇಳಿ, ಬೇರೆಯವರು ಏನು ತಗೊಂಡ್ರು ಅಂತ ನೋಡಿ ಬದಲಾಯಿಸೋಕೆ ಅವಕಾಶ ಇರಬಾರದು.

ಇಂಗ್ಲೆಂಡಲ್ಲಿ 2022ರ ಏಪ್ರಿಲ್‌ನಿಂದ 250 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಹೋಟೆಲ್ ಕಂಪನಿಗಳು ಮೆನುವಲ್ಲಿ ಕ್ಯಾಲೊರಿ ಹಾಕಲೇಬೇಕು, ಅಮೆರಿಕದಲ್ಲಿ 2018ರ ಮೇ ತಿಂಗಳಿಂದ 20 ಅಥವಾ ಹೆಚ್ಚು ಶಾಖೆ ಇರೋ ಚೈನ್‌ಗಳಿಗೆ ಈ ನಿಯಮ ಇದೆ. ಇಂಗ್ಲೆಂಡಿನ ಕಾನೂನಲ್ಲಿ ಗ್ರಾಹಕರು ಕೇಳಿದ್ರೆ ಕ್ಯಾಲೊರಿ ಇಲ್ಲದ ಮೆನು ಕೊಡೋಕೆ ಅವಕಾಶ ಇದೆ, ಸಂಕೋಚ ಬೇಡ, ಕೇಳಿ. ಎಲ್ಲಾ ಕಡೆ ಇಟ್ಟಿರಲ್ಲ, ಇಲ್ಲಾಂದ್ರೆ ಜೊತೆಯವರಿಗೆ ಮೆನು ಓದಿ ಹೇಳು ಅನ್ನಿ. ಒಬ್ಬರೇ ಇದ್ರೆ ಶಾಖೆ ಕಮ್ಮಿ ಇರೋ ಸಣ್ಣ ಹೋಟೆಲ್ ಆರಿಸ್ಕೊಳ್ಳಿ, ಅವಕ್ಕೆ ಈ ನಿಯಮ ಇಲ್ಲ.

ಸರ್ವರ್‌ಗೆ ಕಾಯಿಲೆ ಕಥೆ ಹೇಳೋ ಅಗತ್ಯ ಇಲ್ಲ. ಅಲ್ಲಿನ ಭಾಷೆಯಲ್ಲಿ ನಾಲ್ಕು ಸಾಲು ಒಂದು ಚೀಟಿಯಲ್ಲಿ ಬರ್ಕೊಂಡಿರಿ: "ನನಗೆ ಆರೋಗ್ಯದ ಕಾರಣಕ್ಕೆ ಸಾದಾ ಊಟ ಬೇಕು. ಖಾರ, ಮಸಾಲೆ ಬೇಡ. ಸಾಸ್ ಬೇರೆ ಬಟ್ಟಲಲ್ಲಿ ಕೊಡಿ. ಅನ್ನ ಅಥವಾ ಆಲೂಗಡ್ಡೆ, ಜೊತೆಗೆ ಮೊಟ್ಟೆ ಸಿಗುತ್ತಾ?" ಮೆನುವಲ್ಲಿ ಇಲ್ದಿದ್ರೂ ಕೇಳಿದ್ರೆ ಇಷ್ಟು ಮಾಡಿಕೊಡೋ ಅಡುಗೆಮನೆಗಳು ಬಹಳ ಇವೆ. ಸಾಸ್ ಬೇರೆ ಕೊಡಿ ಅನ್ನೋದು ಮೊದಮೊದಲ ದಿನಗಳಿಗೆ ಸರಿ, ಆದ್ರೆ ಎಣ್ಣೆ ಹಾಕಬೇಡಿ, ಬೆಣ್ಣೆ ಹಾಕಬೇಡಿ, ಅರ್ಧ ಕೊಡಿ ಅಂತ ಶುರುವಾದ್ರೆ ಅಲ್ಲೇ ನಿಲ್ಲಿಸಿ.

ಬೆಳಗಿನ ಬಫೆ ಬಹಳ ಜನಕ್ಕೆ ಕಷ್ಟ. ಮೊದಲು ಬರೀ ಕೈಯಲ್ಲಿ ಒಂದು ಸುತ್ತು ಹಾಕಿ ನೋಡಿ, ಆಮೇಲೆ ಪ್ಲೇಟ್ ತಗೊಂಡು ಪ್ಲಾನಲ್ಲಿರೋಷ್ಟು ಹಾಕ್ಕೊಂಡು, ಬಫೆಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಬಿಂಜ್ ಆಗೋ ಭಯ ಇರೋರು ಬೆಳಿಗ್ಗೆ ಚೆನ್ನಾಗಿ ತಿಂದೆ ಅಂತ ಮಧ್ಯಾಹ್ನದ್ದು ಬಿಡಬೇಡಿ, ಬಿಟ್ಟ ಊಟವೇ ರಾತ್ರಿ ಬಿಂಜ್ ಆಗಿ ಬರೋದು. ಮೊದಲ ಕೆಲವು ದಿನ ಬಫೆ ಬೇಡವೇ ಬೇಡ ಅನ್ನಿಸಿದ್ರೆ ರೂಮಲ್ಲೇ ತಿಂಡಿ ತಿನ್ನಿ.

ಜೊತೇಲಿರೋರಿಗೆ ಏನು ಹೇಳೋದು

ನಿಮ್ಮ ಗುಂಪಲ್ಲಿ ಒಬ್ಬರಿಗಾದ್ರೂ ಗೊತ್ತಿರಲಿ. ಹೀಗೆ ಹೇಳಬಹುದು: "ನಾನು ಊಟದ ಹೊತ್ತು ತಪ್ಪಿಸೋ ಹಾಗಿಲ್ಲ, ಒಂದು ಗಂಟೆಗೆ ಎಲ್ಲಿದ್ರೂ ಕೂತು ತಿನ್ನಬೇಕು, ನೀನು ನನ್ನ ಜೊತೆ ಕೂತ್ಕೋ. ನನ್ನ ಪ್ಲೇಟ್ ಬಗ್ಗೆ ಏನೂ ಹೇಳಬೇಡ, ಬೇರೆ ಏನಾದ್ರೂ ಮಾತಾಡ್ತಿರು." ಅಯ್ಯೋ ಚೆನ್ನಾಗಿ ತಿಂತಿದೀಯಲ್ಲ ಅಂತ ಹೊಗಳಿದ್ರೂ ನೋವಾಗುತ್ತೆ ಅನ್ನೋದು ಅವರಿಗೆ ಗೊತ್ತಿರಲ್ಲ, ಮೊದಲೇ ಹೇಳಿ. ಒಬ್ಬರೇ ಹೋಗ್ತಿದ್ರೆ ದಿನಕ್ಕೆ ಒಂದು ಊಟ, ಅತಿ ಕಷ್ಟ ಅನ್ನಿಸೋ ಊಟ, ಮನೆಯವರ ಅಥವಾ ಸ್ನೇಹಿತರ ಜೊತೆ ವಿಡಿಯೋ ಕಾಲಲ್ಲಿ ಮಾಡಿ. ಥೆರಪಿಸ್ಟ್ ಹೊರದೇಶದಿಂದ ಕಾಲ್ ತಗೊಳ್ತಾರಾ ಅಂತ ಹೊರಡೋ ಮುಂಚೆನೇ ಕೇಳಿಡಿ, ಕೆಲವರಿಗೆ ನಿಯಮ ಬಿಡಲ್ಲ.

ನಡಿಗೆ, ಬಿಸಿಲು, ಕೆಟ್ಟ ಹೊಟ್ಟೆ

ಊರು ನೋಡೋದು ಅಂದ್ರೆ ದಿನವಿಡೀ ನಡೆಯೋದು, ಮನೇಲಿ ಯಾವತ್ತೂ ಅಷ್ಟು ನಡೆದಿರಲ್ಲ. ಅದಕ್ಕೆ ಊಟ ಜಾಸ್ತಿ ಬೇಕು, ಮನೇಲಿ ತಿನ್ನೋಷ್ಟೇ ಸಾಲಲ್ಲ. ಎಷ್ಟು ಜಾಸ್ತಿ ಅಂತ ಡಯಟೀಷಿಯನ್ ಹತ್ರ ಮೊದಲೇ ಕೇಳ್ಕೊಳ್ಳಿ, ಬಸ್ಸು ಟ್ರಾಮ್ ಇದ್ರೆ ಹತ್ತಿ, ಫೋನಿನ ಹೆಜ್ಜೆ ಎಣಿಸೋ ಆ್ಯಪ್ ಆಫ್ ಮಾಡಿ. ಸೆಕೆ ಮತ್ತು ಎತ್ತರದ ಜಾಗ ಎರಡೂ ಹಸಿವನ್ನ ಕಮ್ಮಿ ಮಾಡುತ್ತೆ, ಅಂಥ ಕಡೆ ಅಗಿಯೋಕಾಗದಿದ್ರೆ ಹಾಲು, ಕುಡಿಯೋ ಮೊಸರು, ಸ್ಮೂದಿ ತರದ್ದು ಕೈ ಹಿಡಿಯುತ್ತೆ.

ಹೊಟ್ಟೆ ಕೆಡೋದು ಯಾರಿಗಾದ್ರೂ ಆಗಬಹುದು, ಆದ್ರೆ ನಮಗೆ ಅದರಲ್ಲಿ ಎರಡು ಅಪಾಯ ಇದೆ. ಒಂದು ದೇಹದ್ದು, ವಾಂತಿ ಭೇದಿಯಲ್ಲಿ ಪೊಟ್ಯಾಷಿಯಂ ಇನ್ನೂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಇನ್ನೊಂದು ಮನಸ್ಸಿಂದು, ತಿನ್ನದೇ ಇರೋಕೆ ಒಂದು ಒಳ್ಳೆ ಕಾರಣ ಸಿಕ್ತು ಅಂತ ಒಳಗೊಳಗೇ ಹಗುರ ಅನ್ನಿಸಿಬಿಡುತ್ತೆ. ಆ ಹಗುರವನ್ನ ನಂಬಬೇಡಿ, ನಿಮ್ಮ ಕಾಯಿಲೆ ವಿಷ್ಯ ಗೊತ್ತಿರೋರಿಗೆ ಆಗಲೇ ಫೋನ್ ಮಾಡಿ. ನೀರು ನಂಬಿಕೆ ಇಲ್ಲದ ಕಡೆ ಸೀಲ್ ಮಾಡಿದ ಬಾಟಲಿ, ಬಿಸಿಬಿಸಿ ಬೇಯಿಸಿದ್ದು, ನೀವೇ ಸಿಪ್ಪೆ ಸುಲಿದ ಹಣ್ಣು, ಇಷ್ಟಕ್ಕೆ ಇರಿ, ಐಸ್ ಬೇಡ. ಓಆರ್‌ಎಸ್ ಪ್ಯಾಕೆಟ್ ಮನೆಯಿಂದಲೇ ತಗೊಂಡು ಹೋಗಿ, ಕುಡಿಯೋಕೆ ಶುರು ಮಾಡಿ, ಹೊಟ್ಟೆ ಸ್ವಲ್ಪ ನಿಂತ ಕೂಡ್ಲೇ ಅನ್ನ, ಬ್ರೆಡ್, ಬಾಳೆಹಣ್ಣು, ಆಲೂಗಡ್ಡೆಯಿಂದ ಊಟಕ್ಕೆ ವಾಪಸ್ ಬನ್ನಿ. ಒಂದು ದಿನದಲ್ಲಿ ಸರಿ ಹೋಗದಿದ್ರೆ ಅಲ್ಲಿನ ಡಾಕ್ಟರ್ ನೋಡಿ, ಈಟಿಂಗ್ ಡಿಸಾರ್ಡರ್ ಇತ್ತು ಅಂತ ಹೇಳಿ, ಪೊಟ್ಯಾಷಿಯಂ ನೋಡಿ ಅಂತ ನೀವೇ ಕೇಳಿ.

ಮಲಬದ್ಧತೆ, ಹೊಟ್ಟೆ ಉಬ್ಬರ ಪ್ರಯಾಣದಲ್ಲಿ ಸಾಮಾನ್ಯ. ಭೇದಿ ಮಾತ್ರೆ ಮೆಡಿಕಲ್ ಶಾಪಲ್ಲಿ ಸುಲಭವಾಗಿ ಸಿಗೋ ದೇಶಗಳು ಬಹಳ ಇವೆ, ಹಿಂದೆ ಅದರ ತೊಂದರೆ ಇದ್ದೋರು ಒಬ್ಬರೇ ಹೋಗಿ ಕೊಳ್ಳಬೇಡಿ, ನಿಮ್ಮ ಡಾಕ್ಟರನ್ನ ಕೇಳಿ. ನೀರು, ಊಟ, ಸ್ವಲ್ಪ ಸಮಯ, ಬಹಳಷ್ಟು ಸಲ ಇಷ್ಟಕ್ಕೇ ಸರಿ ಹೋಗುತ್ತೆ.

ಒಂದು ಊಟ ತಪ್ಪಿದ್ರೆ, ಅಥವಾ ಬಿಂಜ್ ಆದ್ರೆ

ಮುಂದಿನ ಊಟ ಅದರ ಹೊತ್ತಿಗೇ, ಅದರ ಅಳತೆಗೇ. ಪ್ರಾಯಶ್ಚಿತ್ತ ಇಲ್ಲ, ಸರಿದೂಗಿಸೋದು ಇಲ್ಲ, ನಾಳೆಯಿಂದ ಶುರು ಅನ್ನೋದೂ ಇಲ್ಲ. ಸತತವಾಗಿ ಎರಡು ಊಟ ತಪ್ಪಿತು ಅಂದ್ರೆ ಆ ದಿನದ ಸುತ್ತಾಟ ರದ್ದು ಮಾಡಿ ರೂಮಿಗೆ ಬಂದು ಮೊದಲ ಗುಂಪಿನ ಊಟ ಮಾಡಿ, ಯಾರಿಗಾದ್ರೂ ಹೇಳಿ.

ಮೊದಲ ಕೆಲವು ದಿನದಲ್ಲಿ ಊಟದ ಹೊತ್ತು ಒಂದು ಹದಕ್ಕೆ ಬಂದ್ರೆ, ಎರಡನೇ ಗುಂಪಿಂದ ಒಂದೊಂದಾಗಿ ತಗೊಳ್ಳಬಹುದು. ಒಂದೇ ಊಟದಲ್ಲಿ ಒಂದೇ ಹೊಸದು, ಮಿಕ್ಕಿದ್ದೆಲ್ಲ ಗೊತ್ತಿರೋದೇ ಇರಲಿ, ಸುಸ್ತಾದ ದಿನ ಬೇಡ. ಪಟ್ಟಿ ಹೀಗೆ ಬೆಳೀತಾ ಹೋಗಬೇಕು. ಪ್ರಯಾಣ ಮುಂದೆ ಹೋದಂಗೆ ಪಟ್ಟಿ ಚಿಕ್ಕದಾಗ್ತಾ ಬಂದ್ರೆ, ಹೋದ ವಾರ ತಿಂತಿದ್ದ ಬ್ರೆಡ್ ಈಗ ಬೇಡ ಅನ್ನಿಸಿದ್ರೆ, ಅದನ್ನ ರುಚಿ ವಿಷ್ಯ ಅಂದ್ಕೋಬೇಡಿ, ಅದೇ ದಿನ ನಿಮ್ಮ ಡಾಕ್ಟರ್, ಡಯಟೀಷಿಯನ್, ಥೆರಪಿಸ್ಟ್ ಇರೋ ಟೀಮ್‌ಗೆ ಮೆಸೇಜ್ ಮಾಡಿ.

ಇಷ್ಟಾದ್ರೆ ಕಾಯಬೇಡಿ

ತಲೆ ಸುತ್ತಿ ಬೀಳೋದು, ಎದೆ ನೋವು, ಎದೆ ಬಡಿತ ತಪ್ಪಿ ತಪ್ಪಿ ಹೊಡ್ಕೊಳ್ಳೋದು, ಕುಡಿದ ನೀರೂ ನಿಲ್ಲದೇ ಇರೋದು, ವಾಂತಿಯಲ್ಲಿ ರಕ್ತ, ಒಂದು ದಿನ ಪೂರ್ತಿ ಏನೂ ತಿನ್ನೋಕಾಗದೇ ಇರೋದು, ತಿನ್ನೋದು ಹೆಚ್ಚಿಸಿದ ಮೇಲೆ ಕಾಲು ಊದೋದು ಅಥವಾ ಉಸಿರು ಕಟ್ಟೋದು, ಜೀವ ಬೇಡ ಅನ್ನೋ ಯೋಚನೆ, ಇದರಲ್ಲಿ ಯಾವುದಾದ್ರೂ ಒಂದು ಬಂದ್ರೂ ಆಸ್ಪತ್ರೆಗೆ ಹೋಗಿ. ಯುರೋಪಿಯನ್ ಯೂನಿಯನ್‌ನ ಎಲ್ಲಾ ದೇಶದಲ್ಲೂ ತುರ್ತು ನಂಬರ್ 112, ಬೇರೆ ದೇಶಕ್ಕೆ ಹೋಗ್ತಿದ್ರೆ ಅಲ್ಲಿನ ನಂಬರ್ ಮೊದಲೇ ಸೇವ್ ಮಾಡಿ, ಇನ್ಶೂರೆನ್ಸ್‌ನವರ ಸಹಾಯದ ನಂಬರ್ ಜೊತೆಗೆ. ಎಷ್ಟೋ ಸಲ ನಮ್ಮನ್ನ ನೋಡಿದ್ರೆ ಕಾಯಿಲೆ ಇದೆ ಅಂತ ಡಾಕ್ಟರಿಗೇ ಅನ್ನಿಸಲ್ಲ, ಹಾಗಾಗಿ ನಿಮ್ಮ ಡಾಕ್ಟರ್ ಲೆಟರನ್ನ ಅಲ್ಲಿನ ಭಾಷೆಗೆ ಅನುವಾದ ಮಾಡಿಸಿ ಪಾಸ್‌ಪೋರ್ಟ್ ಜೊತೆ ಇಟ್ಕೊಂಡಿರಿ.

ವಾಪಸ್ ಬರೋ ವಿಮಾನಕ್ಕೂ ಹೋಗುವಾಗಿನ ಹಾಗೇ ಬ್ಯಾಗ್ ತುಂಬಿ, ಕೊನೇ ದಿನ ಪ್ಯಾಕಿಂಗ್ ಗಡಿಬಿಡೀಲಿ ಮಧ್ಯಾಹ್ನದ ಊಟ ಕೈತಪ್ಪಿ ಹೋಗುತ್ತೆ, ಅದಕ್ಕೆ ಹಿಂದಿನ ರಾತ್ರೀನೇ ಸ್ಯಾಂಡ್‌ವಿಚ್ ಮಾಡಿಟ್ಕೊಳ್ಳಿ. ಬಂದ ವಾರದಲ್ಲೇ ಡಯಟೀಷಿಯನ್ ಮತ್ತು ಡಾಕ್ಟರ್ ಅಪಾಯಿಂಟ್‌ಮೆಂಟ್ ಇರಲಿ, ಇದನ್ನ ಹೊರಡೋ ಮುಂಚೆನೇ ಬುಕ್ ಮಾಡಿಬಿಡಿ. ತೂಕ ನೋಡೋದಾದ್ರೆ ಅವರೇ ನೋಡಲಿ, ನೀವು ಮೆಷಿನ್‌ಗೆ ಬೆನ್ನು ಹಾಕಿ ನಿಂತ್ಕೊಳ್ಳಿ. ಅಲ್ಲಿ ಯಾವ ಊಟ ಸಲೀಸಾಯ್ತು, ಯಾವುದು ಆಗಲಿಲ್ಲ, ಯಾವ ಹೊತ್ತು ಕಷ್ಟ ಆಯ್ತು ಅಂತ ಫೋನಲ್ಲಿ ಬರೆದಿಟ್ಟಿದ್ರೆ ಅದನ್ನ ಅವರಿಗೆ ಹಾಗೇ ತೋರಿಸಿ, ಮುಂದಿನ ಮೀಲ್ ಪ್ಲಾನ್ ಅದರ ಮೇಲೇ ಬರೀತಾರೆ.